ಗಂಧರಾಜ: ಎಲೆ ಹಳದಿ, ಮೊಗ್ಗು ಉದುರುತ್ತಿದೆ (ಎಪ್ಸಂ ಲವಣ ಹಾಕಿ ಆಗಿದೆ)

ತಾರಸಿತೋಟ, ಬೆಂಗಳೂರು
ಈ ಗಿಡದಿಂದ ತಲೆ ಕೆಟ್ಟುಹೋಗಿದೆ. ಗಂಧರಾಜ, ಅಂದರೆ ನರ್ಸರಿಯವರು ಗಾರ್ಡೇನಿಯ ಎಂದು ಮಾರುವುದು. ತಂದಾಗ ಎಲೆಗಳು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದವು. ಈಗ ಎಲೆಗಳು ಹಳದಿಯಾಗುತ್ತಿವೆ. ಮೊಗ್ಗು ಧಾರಾಳವಾಗಿ ಬರುತ್ತದೆ, ಅರಳುವ ಮೊದಲೇ ತೊಟ್ಟು ಸಮೇತ ಬಿದ್ದುಹೋಗುತ್ತದೆ. ಬಿಸಿಲಿದೆ, ನೀರಿದೆ, ಗೊಬ್ಬರವಿದೆ. ಎಲ್ಲವೂ ಸರಿಯಾಗಿಯೇ ಇದೆ. ಎಪ್ಸಂ ಲವಣವನ್ನೂ (ಮೆಗ್ನೀಸಿಯಂ ಸಲ್ಫೇಟ್) ಹಾಕಿ ಆಗಿದೆ, ದಯವಿಟ್ಟು ಅದನ್ನೇ ಮತ್ತೆ ಹೇಳಬೇಡಿ.

ತೋಟದ ಮೇಸ್ತ್ರಿ, ಮೈಸೂರು
ಎಪ್ಸಂ ಎಷ್ಟು ಹಾಕಿದಿರಿ ಎಂದು ಬರೆದಿಲ್ಲ. ಹಳದಿ ಎಲೆ ಎಂದರೆ ಮೆಗ್ನೀಸಿಯಂ ಕೊರತೆ, ಅದರಲ್ಲಿ ಅನುಮಾನವೇ ಇಲ್ಲ. ಲೀಟರ್ ನೀರಿಗೆ ಒಂದು ಚಮಚ ಕರಗಿಸಿ ಎಲೆಯ ಮೇಲೆ ಸಿಂಪಡಿಸಬೇಕು. ಬುಡಕ್ಕೆ ಸುರಿಯುವವರೇ ಹೆಚ್ಚು.

ತಾರಸಿತೋಟ
ಸಿಂಪಡಿಸಿದ್ದೂ ಆಗಿದೆ.

ತೋಟದ ಮೇಸ್ತ್ರಿ
ಯಾವ ಹೊತ್ತಿನಲ್ಲಿ? ಸುಡುಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಹೀರುವ ಮೊದಲೇ ನೀರು ಆರುತ್ತದೆ. ಸಂಜೆ ಮಾಡಿ. ಎಲೆಯ ಅಡಿಭಾಗಕ್ಕೂ ತಾಗಬೇಕು.

ಎಲೆಮರೆ, ಶಿರಸಿ
ಮೇಸ್ತ್ರಿಗಳೇ, ಸ್ವಲ್ಪ ತಡೆಯಿರಿ. ಯಾವ ಎಲೆ ಹಳದಿಯಾಗಿದೆ ಎಂದು ಅವರು ಹೇಳಿಯೇ ಇಲ್ಲ. ಕೆಳಗಿನ ಹಳೆಯ ಎಲೆಗಳಾದರೆ ಮೆಗ್ನೀಸಿಯಂ ಎನ್ನಬಹುದು, ಏಕೆಂದರೆ ಗಿಡ ಅದನ್ನು ಹಳೆಯ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಸಾಗಿಸುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲು ಬರುವುದಿಲ್ಲ, ಅದರ ಕೊರತೆ ತುದಿಯ ಎಳೆಯ ಎಲೆಯಲ್ಲೇ ಕಾಣುತ್ತದೆ: ನರ ಹಸಿರು, ನಡುವಿನ ಭಾಗ ಹಳದಿ. ಚಿತ್ರ ಹಾಕಿ.

ತಾರಸಿತೋಟ
ತುದಿಯ ಎಲೆಗಳೇ. ನರಗಳು ಹಸಿರಾಗಿಯೇ ಇವೆ. ಚಿತ್ರ ಸಂಜೆ ಹಾಕುತ್ತೇನೆ.

ತುಂಗಾತೀರ, ತೀರ್ಥಹಳ್ಳಿ
ನಮ್ಮ ಅಂಗಳದಲ್ಲಿ ಇದೇ ಗಿಡ ಆಳೆತ್ತರ ಬೆಳೆದಿದೆ. ಯಾರೂ ಏನೂ ಹಾಕುವುದಿಲ್ಲ. ಮಳೆಗಾಲದ ಆರಂಭದಲ್ಲಿ ಮನೆಯೊಳಗೆಲ್ಲ ಪರಿಮಳ. ಕೊಟ್ಟಿಗೆ ಗೊಬ್ಬರ ಹಾಕಿ ಸುಮ್ಮನಿರಿ, ಪಟ್ಟಣದವರು ಗಿಡಕ್ಕೆ ಔಷಧ ಕುಡಿಸಿಯೇ ಕೊಲ್ಲುತ್ತೀರಿ.

ಎಲೆಮರೆ
ನಿಮ್ಮದೂ ನಮ್ಮದೂ ಜಂಬಿಟ್ಟಿಗೆ ಮಣ್ಣು, ಮಳೆಗೆ ಸುಣ್ಣದಂಶವೆಲ್ಲ ತೊಳೆದುಹೋದ ಹುಳಿ ಮಣ್ಣು. ಗಂಧರಾಜ ಕಾಫಿಯ ಕುಟುಂಬದ ಗಿಡ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆ ಎಂದರೆ ಹುಳಿ) 5ರಿಂದ 6ರೊಳಗಿದ್ದರೆ ಅದಕ್ಕೆ ಸುಖ. ತೀರ್ಥಹಳ್ಳಿಯಲ್ಲಿ ಏನೂ ಮಾಡದೆ ಬರುತ್ತದೆ ಎಂದು ಬೆಂಗಳೂರಿನ ಕುಂಡದಲ್ಲೂ ಬರಬೇಕೆಂದಿಲ್ಲ.

ಕಾಫಿಕಣಿವೆ, ಮೂಡಿಗೆರೆ
ಕಾಫಿಯ ಹೆಸರು ಬಂದದ್ದರಿಂದ ಹೇಳುತ್ತಿದ್ದೇನೆ. ಡಿಕಾಕ್ಷನ್ ಇಳಿಸಿದ ಮೇಲೆ ಉಳಿಯುವ ಚರಟವನ್ನು ಬುಡಕ್ಕೆ ಹಾಕಿ, ಮಣ್ಣು ಹುಳಿಯಾಗುತ್ತದೆ.

ಎಲೆಮರೆ
ಆಗುವುದಿಲ್ಲ. ಹುಳಿಯಂಶದ ಹೆಚ್ಚಿನ ಪಾಲು ಡಿಕಾಕ್ಷನ್ ಜೊತೆ ಲೋಟಕ್ಕೆ ಹೋಗಿರುತ್ತದೆ. ಚರಟದಲ್ಲಿ ಉಳಿಯುವುದು ಅತ್ಯಲ್ಪ. ದಪ್ಪಗೆ ಹಾಕಿದರೆ ಮೇಲೆ ಬೂಷ್ಟು ಬರುತ್ತದೆ, ನೀರೂ ಇಳಿಯುವುದಿಲ್ಲ.

ಕಾಫಿಕಣಿವೆ
ಮೂರು ತಲೆಮಾರಿನಿಂದ ಕಾಫಿ ಬೆಳೆಯುವವರಿಗೆ ಕಾಫಿಯ ಪಾಠವೇ? ಇರಲಿ.

ತಾರಸಿತೋಟ
ಚಿತ್ರಗಳು ಇಲ್ಲಿವೆ. (ಚಿತ್ರ 1: ತುದಿಯ ಎಲೆ. ಚಿತ್ರ 2: ಇಡೀ ಗಿಡ.) ಗೊಬ್ಬರ ಯಾವುದೆಂದು ಒಬ್ಬರು ಖಾಸಗಿಯಾಗಿ ಕೇಳಿದ್ದರು. ಎಲ್ಲ ಮನೆಯದೇ: ಬಾಳೆಹಣ್ಣಿನ ಸಿಪ್ಪೆ, ಮೊಟ್ಟೆಯ ಚಿಪ್ಪಿನ ಪುಡಿ, ಊರಿನಿಂದ ತಂದ ಒಲೆಯ ಬೂದಿ. ರಾಸಾಯನಿಕ ಒಂದೂ ಇಲ್ಲ.

ಹಿತ್ತಲು, ದಾವಣಗೆರೆ
ಎರಡನೆಯ ಚಿತ್ರದಲ್ಲಿ ಬುಡದ ಹತ್ತಿರ ಬಿಳಿ ಕಾಣುತ್ತಿದೆ. ಅದು ಹಿಟ್ಟು ತಿಗಣೆ! ಬೇರಿಗೂ ಇಳಿದಿರುತ್ತದೆ. ಬೇವಿನ ಎಣ್ಣೆ, ಸೋಪಿನ ನೀರು ಸೇರಿಸಿ ಹೊಡೆಯಿರಿ. ಗಿಡ ಕಿತ್ತು ಬೇರು ನೋಡಿ.

ತೋಟದ ಮೇಸ್ತ್ರಿ
ತಿಗಣೆ ಇದ್ದರೂ ಇರಲಿ, ಎಪ್ಸಂ ನಿಲ್ಲಿಸಬೇಡಿ.

ಎಲೆಮರೆ
ಕಿತ್ತು ನೋಡಬೇಡಿ, ಮೊಗ್ಗಿರುವಾಗ ಬೇರು ಅಲುಗಿಸಿದರೆ ಉಳಿದದ್ದೂ ಉದುರುತ್ತದೆ. ಬಿಳಿ ಇರುವುದು ಗಿಡದ ಮೇಲಲ್ಲ, ಕುಂಡದ ಅಂಚಿನಲ್ಲಿ. ಅದನ್ನು ಸ್ವಲ್ಪ ಕೆರೆದು ಬಟ್ಟಲಿಗೆ ಹಾಕಿ ವಿನೆಗರ್ ಬಿಡಿ. ನೊರೆಗುಳ್ಳೆ ಎದ್ದರೆ ಸುಣ್ಣ, ತಿಗಣೆಯಾದರೆ ಏಳುವುದಿಲ್ಲ. ಇನ್ನೊಂದು ಮಾತು: ಅದು ಸಿಮೆಂಟ್ ಕುಂಡವೇ? ಯಾವ ನೀರು ಹಾಕುತ್ತೀರಿ?

ಮಲ್ಲಿಗೆಮನೆ, ಉಡುಪಿ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಪರಿಮಳಕ್ಕೆಂದು ಈ ನಖರೆಯ ಗಿಡವನ್ನೇ ಏಕೆ ಸಾಕಬೇಕು? ನಮ್ಮ ಉಡುಪಿಯ ಶಂಕರಪುರದ ಮಲ್ಲಿಗೆ ನೆಡಿ. ನಮ್ಮ ಮನೆಯಲ್ಲಿ ಸೀಸನ್ ಬಂದರೆ ಬೆಳಗ್ಗೆ ಮೊಗ್ಗು ಕಿತ್ತು, ಬಾಳೆನಾರಿನಲ್ಲಿ ಕಟ್ಟಿ, ಮಧ್ಯಾಹ್ನದೊಳಗೆ ಅಟ್ಟೆ ಲೆಕ್ಕದಲ್ಲಿ ಕಳುಹಿಸಿ ಆಗಿರುತ್ತದೆ.

ಹಿತ್ತಲು
ಅಟ್ಟೆ ಎಂದರೆ?

ಮಲ್ಲಿಗೆಮನೆ
ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಇದು ಗೊತ್ತಿಲ್ಲದವರೂ ಮಲ್ಲಿಗೆ ಮುಡಿಯುತ್ತಾರಲ್ಲ!

ಹೂವಿನ ಹಡಗಲಿ
ಉಡುಪಿಯ ಮಲ್ಲಿಗೆಗೆ ಮಾತ್ರ ಭೌಗೋಳಿಕ ಸೂಚಕ (ಊರಿನ ವಿಶಿಷ್ಟ ಬೆಳೆಗೆ ಕೊಡುವ ಜಿಐ ಮಾನ್ಯತೆ) ಸಿಕ್ಕಿದೆ ಎಂಬ ಧಾಟಿ ಬೇಡ. ಹಡಗಲಿಯ ಮಲ್ಲಿಗೆಗೂ ಇದೆ, ಮೈಸೂರಿನದಕ್ಕೂ ಇದೆ. ನಮ್ಮ ಊರಿನ ಹೆಸರಿನಲ್ಲೇ ಹೂವಿದೆ.

ಮಲ್ಲಿಗೆಮನೆ
ಹೆಸರಿನಲ್ಲಿದ್ದರೆ ಆಯಿತೇ, ಮೂಗಿಗೂ ತಿಳಿಯಬೇಕಲ್ಲ.

ನಿರ್ವಾಹಕ
ಮಲ್ಲಿಗೆಗೆ ಬೇರೆ ಚರ್ಚೆ ತೆರೆದಿದ್ದೇನೆ. ಉಳಿದದ್ದನ್ನು ಅಲ್ಲಿ ಬರೆಯಿರಿ. ಇದರ ನಂತರದ ಜಗಳವನ್ನೆಲ್ಲ ಅಲ್ಲಿಗೇ ಸಾಗಿಸಲಾಗಿದೆ.

ತಾರಸಿತೋಟ
ವಿನೆಗರ್ ಹಾಕಿದೆ. ಚೆನ್ನಾಗಿಯೇ ನೊರೆ ಬಂತು. ಹೌದು, ಸಿಮೆಂಟ್ ಕುಂಡ, ಹೊಸದಾಗಿ ಎರಕ ಹಾಕಿಸಿದ್ದು. ನೀರು ಎಂದರೆ ನೀರೇ, ಅಡುಗೆಮನೆಯಲ್ಲಿ ಕುಡಿಯುವ ನೀರು ಸೋಸುವ ಆರ್‌ಒ ಯಂತ್ರದಿಂದ ಹೊರಹೋಗುವುದನ್ನು ಬಕೆಟ್‌ನಲ್ಲಿ ಹಿಡಿದು ಹಾಕುತ್ತೇನೆ. ಬೋರ್‌ವೆಲ್ ನೀರನ್ನು ಚರಂಡಿಗೆ ಬಿಡಲು ಮನಸ್ಸಾಗುವುದಿಲ್ಲ. ಅದೆಲ್ಲ ಹೇಳುವಂಥ ವಿಷಯವೇ? ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ.

ಎಲೆಮರೆ
ಎಲ್ಲರೂ ಗಂಧರಾಜಕ್ಕೆ ಹಾಕುತ್ತಾರೆಯೇ? ದಾಸವಾಳ, ಕಣಗಿಲೆ ತಡೆದುಕೊಳ್ಳಬಹುದು. ಬೋರ್‌ವೆಲ್ ನೀರೇ ಗಡಸು. ಆ ಯಂತ್ರ ಒಳ್ಳೆಯ ನೀರನ್ನು ನಿಮ್ಮ ಲೋಟಕ್ಕೆ ಕೊಟ್ಟು, ಅದರಲ್ಲಿದ್ದ ಲವಣ, ಬೈಕಾರ್ಬೊನೇಟ್ ಎಲ್ಲವನ್ನೂ ಉಳಿದ ನೀರಿನಲ್ಲಿ ಸಾಂದ್ರಗೊಳಿಸಿ ಗಿಡಕ್ಕೆ ಕಳುಹಿಸುತ್ತಿದೆ. ಹೊಸ ಸಿಮೆಂಟ್ ಸುಣ್ಣ ಬಿಡುತ್ತದೆ. ಮೊಟ್ಟೆಯ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಬೂದಿ ಕ್ಷಾರ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಅಂಥ ಕ್ಷಾರದಲ್ಲಿ ಕರಗುವುದಿಲ್ಲ, ಬೇರು ಹೀರಲಾರದು.

ಮೊದಲು ಚಿಪ್ಪು, ಬೂದಿ ಎರಡನ್ನೂ ನಿಲ್ಲಿಸಿ. ಮಳೆನೀರು ಹಿಡಿದಿಟ್ಟುಕೊಳ್ಳಿ, ಇಲ್ಲವೇ ಕಾವೇರಿ ನೀರು ಹಾಕಿ. ಕಬ್ಬಿಣ ಕೊಡುವಾಗ ಅಂಗಡಿಯವರು ಹಸಿರು ಹರಳಿನ ಫೆರಸ್ ಸಲ್ಫೇಟ್ ಕೊಟ್ಟರೆ ಬೇಡ ಎನ್ನಿ, ಸುಣ್ಣದ ಮಣ್ಣಿನಲ್ಲಿ ಅದು ಬೇಗನೆ ತುಕ್ಕಾಗಿ ಕೂರುತ್ತದೆ. ಚೀಲೇಟ್ ರೂಪದ ಕಬ್ಬಿಣ ಬೇಕು, ಅಂದರೆ ತುಕ್ಕಾಗದಂತೆ ಇನ್ನೊಂದು ರಾಸಾಯನಿಕ ಹಿಡಿದಿಟ್ಟಿರುವ ಕಬ್ಬಿಣ. ಅದರಲ್ಲೂ ಇಡಿಟಿಎ ಎಂಬ ಬಗೆ ಪಿಎಚ್ ಸುಮಾರು 6.5 ದಾಟಿದರೆ ಕೈಕೊಡುತ್ತದೆ. ಇಡಿಡಿಎಚ್‌ಎ ಎಂದು ಬರೆದಿರುವುದನ್ನು ಕೇಳಿ ಪಡೆಯಿರಿ. ಪುಡಿ ಕಡುಗೆಂಪು, ನೀರೂ ಕೆಂಪಾಗುತ್ತದೆ, ಗಾಬರಿಯಾಗಬೇಡಿ. ಪೊಟ್ಟಣದ ಮೇಲಿನ ಪ್ರಮಾಣ ಮೀರಬೇಡಿ. ಹೂವಿನ ಕಾಲ ಮುಗಿದ ಮೇಲೆ ಮಣ್ಣಿನ ಅಥವಾ ಪ್ಲಾಸ್ಟಿಕ್ ಕುಂಡಕ್ಕೆ ಬದಲಿಸಿ.

ತುಂಗಾತೀರ
ಇಷ್ಟೆಲ್ಲ ಮಾಡುವ ಬದಲು ನಮ್ಮೂರಿಗೆ ಬಂದು ಎರಡು ಚೀಲ ಮಣ್ಣು ಒಯ್ಯಿರಿ.

ಕರಿನೆಲ, ವಿಜಯಪುರ
ನಮ್ಮ ಸುಣ್ಣದಂಶದ ಎರೆಮಣ್ಣಿನಲ್ಲಿ ಗಂಧರಾಜದ ಆಸೆಯನ್ನೇ ಬಿಟ್ಟಿದ್ದೇವೆ. ಕಾಮಿನಿ ಬೇಲಿ ಹಾಕಿದ್ದೇನೆ. ವರ್ಷವಿಡೀ ಹಸಿರು, ಮಳೆ ಬಿದ್ದ ಮೇಲೆ ಬೇಲಿಯೆಲ್ಲ ಬಿಳಿ. ಚಿತ್ರ ಬೇಕಾದವರು ಹೇಳಿ, ಡ್ರೋನ್‌ನಿಂದ ತೆಗೆಸಿದ್ದೂ ಇದೆ.

ಹಿತ್ತಲು
ಬೇಲಿಗೆ ಡ್ರೋನ್!

ತಾರಸಿತೋಟ
ಕೆಂಪು ಪುಡಿ ಹಾಕಿದೆ, ನೀರು ಬದಲಿಸಿದೆ. ಹೊಸದಾಗಿ ಬಂದ ಚಿಗುರು ಹಸಿರಾಗಿದೆ. ಹಳೆಯ ಹಳದಿ ಎಲೆ ಹಾಗೆಯೇ ಇದೆ. ಮೊಗ್ಗು ಈಗಲೂ ಉದುರುತ್ತಿದೆ.

ತೋಟದ ಮೇಸ್ತ್ರಿ
ನೋಡಿದಿರಾ? ಎಪ್ಸಂ ಕೆಲಸ ಮಾಡಲು ಸಮಯ ಬೇಕು, ಅಷ್ಟೇ. ಆತುರಪಟ್ಟು ಕಬ್ಬಿಣಕ್ಕೆ ಹಣ ಸುರಿದಿರಿ.

ಎಲೆಮರೆ
ಮೇಸ್ತ್ರಿಗಳಿಗೆ ನಮಸ್ಕಾರ.
ತಾರಸಿತೋಟ ಅವರೇ, ಮೊಗ್ಗಿನ ಕಥೆ ಬೇರೆ ಇರಬಹುದು. ಉದುರಿದ ಮೊಗ್ಗೊಂದನ್ನು ಬಿಡಿಸಿ ಬಿಳಿ ಕಾಗದದ ಮೇಲೆ ಕೊಡವಿ. ಸೂಜಿಮೊನೆಯಂಥ ಹುಳು ಓಡಾಡಿದರೆ ಥ್ರಿಪ್ಸ್. ಏನೂ ಇಲ್ಲದಿದ್ದರೆ ಮಣ್ಣು ಒಣಗಿ ಮತ್ತೆ ನೆನೆಯುವುದರ ಏರುಪೇರು ಇರಬೇಕು. ಸಿಮೆಂಟ್ ಕುಂಡವನ್ನು ತಾರಸಿಯ ಬಿಸಿಲಿನಲ್ಲಿ ಇಟ್ಟಿದ್ದೀರಿ. ಮಧ್ಯಾಹ್ನದ ನೆರಳು ಕೊಡಿ. ದಿನವೂ ಜಾಗ ಬದಲಿಸುವ ಅಭ್ಯಾಸವಿಲ್ಲ ತಾನೆ?

ತಾರಸಿತೋಟ
ಕುಂಡದ ಕೆಳಗೆ ಚಕ್ರವಿದೆ. ಬಿಸಿಲು ಹೋದ ಕಡೆಗೆ ತಳ್ಳುತ್ತೇನೆ. ಅದಕ್ಕೇ ಅಲ್ಲವೇ ಚಕ್ರ ಇರುವುದು?

ಹಿತ್ತಲು
ಚಕ್ರದ ಸ್ಟ್ಯಾಂಡ್ ಎಲ್ಲಿ ಸಿಕ್ಕಿತು ಸರ್? ಎಷ್ಟು ಭಾರ ತಡೆಯುತ್ತದೆ? ನನ್ನ ನಿಂಬೆ ಗಿಡದ ಡ್ರಮ್ಮಿಗೆ ಬೇಕಿತ್ತು.