ಕಾಫಿ ಕೊಯ್ಲಿಗೆ ಎಲೆಕ್ಟ್ರಾನಿಕ್ ತಕ್ಕಡಿ, ಫೋನಿನಲ್ಲಿ ಲೆಕ್ಕ: ಕೆಲಸದವರು ನಂಬುವಂತೆ ತರುವುದು ಹೇಗೆ?

ಸಿದ್ದಾಪುರ ರೊಬಸ್ಟಾ (ಪ್ರಶ್ನೆ)

ಕೊಡಗಿನ ಸಿದ್ದಾಪುರದ ಕಡೆ 14 ಎಕರೆ ರೊಬಸ್ಟಾ ತೋಟ, ನಡುವೆ ಕರಿಮೆಣಸು. ಕೊಯ್ಲಿಗೆ 25 ಜನ: ಲೈನ್ ಮನೆಯವರು (ತೋಟದಲ್ಲೇ ಸಾಲುಮನೆಗಳಲ್ಲಿ ಇರುವವರು) 6, ಹಾಡಿಯಿಂದ (ಆದಿವಾಸಿಗಳ ಊರು) 8, ಅಸ್ಸಾಂನವರು 11. ಕೂಲಿ ಕೆಜಿ ಲೆಕ್ಕದಲ್ಲಿ. ಇಲ್ಲಿಯವರೆಗೆ ಮುಳ್ಳಿನ ಸ್ಪ್ರಿಂಗ್ ತಕ್ಕಡಿಯಲ್ಲಿ ತೂಗಿ ರೈಟರ್ (ತೋಟದ ಲೆಕ್ಕ ಬರೆಯುವವರು) ಪುಸ್ತಕದಲ್ಲಿ ಬರೆದುಕೊಳ್ಳುವುದು. ಚೀಲಕ್ಕೆ 1 ಕೆಜಿ ವಜಾ (ಕಡಿತ), ಕೆಜಿಯ ಮೇಲಿನ ಗ್ರಾಂ ಲೆಕ್ಕಕ್ಕಿಲ್ಲ. ಚೀಲ ಪ್ಲಾಸ್ಟಿಕ್‌ನದ್ದು, ಒಬ್ಬೊಬ್ಬರಿಗೆ ದಿನಕ್ಕೆ ಸರಾಸರಿ ಎರಡು.

ಈ ಸಲ ಎಲೆಕ್ಟ್ರಾನಿಕ್ ತಕ್ಕಡಿ, ಫೋನಿನಲ್ಲಿ ಲೆಕ್ಕ, ಶನಿವಾರದ ಬಟವಾಡೆ ನೇರವಾಗಿ ಖಾತೆಗೆ ಎಂದು ತೀರ್ಮಾನಿಸಿದ್ದೇವೆ. ಆದರೆ "ಮಿಷನ್ ಬೇಡ, ಮುಳ್ಳೇ ಇರಲಿ" ಎಂದು ಕೆಲಸದವರು ಮೇಸ್ತ್ರಿ ಕೈಲಿ ಹೇಳಿಸಿದ್ದಾರೆ. ಯಾವ ತಕ್ಕಡಿ ತರಬೇಕು? ತೋಟದೊಳಗೆ ಸಿಗ್ನಲ್ ಇಲ್ಲ, ಲೆಕ್ಕ ಇಡುವುದು ಹೇಗೆ? ರೈಟರ್‌ಗೆ ಇನ್ನು ಯಾವ ಕೆಲಸ ಕೊಡುವುದು?

ತೂಕ–ಅಳತೆ (ಉತ್ತರ)

ಮೊದಲು ತಕ್ಕಡಿಯ ವಿಷಯ. 500 ಮಿ.ಮೀ. ಚೌಕದ ಪ್ಲಾಟ್‌ಫಾರಂ ತಕ್ಕಡಿ, ಸಾಮರ್ಥ್ಯ 150 ಅಥವಾ 200 ಕೆಜಿ. 40 ಕೆಜಿ ಚೀಲಕ್ಕೆ 100 ಕೆಜಿಯದ್ದು ಸಾಲದೇ ಎನಿಸಬಹುದು, ಸಾಲದು. ಹೆಗಲ ಮೇಲಿಂದ ಚೀಲವನ್ನು ಧೊಪ್ಪೆಂದು ಇಳಿಸುವಾಗ ಬೀಳುವ ಹೊಡೆತ ಚೀಲದ ತೂಕದ ಎಷ್ಟೋ ಪಟ್ಟು. ಒಳಗೆ ತೂಕ ಅಳೆಯುವ ಲೋಹದ ಭಾಗ, ಲೋಡ್ ಸೆಲ್, ಆ ಹೊಡೆತಕ್ಕೆ ಒಂದು ಕೂದಲಷ್ಟು ಬಾಗಿದರೂ ಸೊನ್ನೆ ಜಾರುತ್ತದೆ, ಮತ್ತೆ ಸರಿಹೋಗುವುದಿಲ್ಲ. ತಕ್ಕಡಿ ಪಕ್ಕದಲ್ಲಿ ಅದರಷ್ಟೇ ಎತ್ತರದ ಕಟ್ಟೆಯೋ ಮರದ ದಿಮ್ಮಿಯೋ ಇಡಿ. ಚೀಲ ಮೊದಲು ಅಲ್ಲಿ ಇಳಿಯಲಿ, ಆಮೇಲೆ ತಕ್ಕಡಿಗೆ ಸರಿಯಲಿ.

ನಮ್ಮ ಇಳಿಜಾರಿನಲ್ಲಿ ಮಟ್ಟ ನೋಡದೆ ತೂಗುವುದೇ ದೊಡ್ಡ ತಪ್ಪು. ಮಣ್ಣು ಗಟ್ಟಿಮಾಡಿ ದಪ್ಪ ಪ್ಲೈವುಡ್ ಹಾಸಿ, ನಾಲ್ಕೂ ಕಾಲಿನ ತಿರುಪು ತಿರುಗಿಸುತ್ತ ಮಟ್ಟ ತೋರಿಸುವ ಗುಳ್ಳೆ ನಡುವೆ ನಿಲ್ಲುವಂತೆ ಮಾಡಿ. ಡಿಸೆಂಬರ್–ಜನವರಿಯಲ್ಲಿ ಬೆಳಗಿನ ಇಬ್ಬನಿ ಹೆಚ್ಚು, ಆದ್ದರಿಂದ ಆನ್ ಮಾಡಿ 10–15 ನಿಮಿಷ ಬಿಟ್ಟು ಸೊನ್ನೆ ನೋಡಿ. ಬ್ಯಾಟರಿ ಚಾರ್ಜ್ ಕಡಿಮೆಯಾದರೆ ಅಂಕಿ ಕುಣಿಯುತ್ತದೆ. ಹಾಗೆ ಕುಣಿಯುವಾಗ ತೂಗಲೇಬೇಡಿ.

ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ ತಕ್ಕಡಿಯನ್ನೇ ಕೊಳ್ಳಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮರುಪರಿಶೀಲನೆ ಮಾಡಿಸಬೇಕು. ದಿನದ ಪರೀಕ್ಷೆಗೆ ಮುದ್ರೆಯಿರುವ 20 ಕೆಜಿ ಕಲ್ಲು ಒಂದು ಸಾಕು. ನಡುವೆ ಇಟ್ಟು ನೋಡಿ, ನಾಲ್ಕೂ ಮೂಲೆಯಲ್ಲಿ ಇಟ್ಟು ನೋಡಿ, ಐದು ಕಡೆಯೂ ಒಂದೇ ಅಂಕಿ ಬರಬೇಕು. ಒಂದು ಮೂಲೆಯಲ್ಲಿ ವ್ಯತ್ಯಾಸ ಬಂದರೆ ಚೀಲ ಇಟ್ಟ ಜಾಗದ ಮೇಲೆ ಕೂಲಿ ಬದಲಾಗುತ್ತದೆ ಎಂದರ್ಥ, ರಿಪೇರಿಗೆ ಕಳಿಸಿ.

ಲೈನ್ ಮನೆ ಕಡೆಯಿಂದ (ಉತ್ತರ)

ಮಿಷನ್ ಬೇಡ ಎನ್ನುವವರ ಮಾತಿಗೆ ಕಾರಣ ಇದೆ, ಅದನ್ನು ತಳ್ಳಿಹಾಕಬೇಡಿ. ಮುಳ್ಳು ಎಲ್ಲರಿಗೂ ಕಾಣುತ್ತದೆ, ಓದು ಬರದವರಿಗೂ ಅದು ಎಲ್ಲಿಗೆ ಹೋಗಿ ನಿಂತಿತು ಎಂದು ಗೊತ್ತಾಗುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಯ ಅಂಕಿ ಮಾತ್ರ ಸಾಮಾನ್ಯವಾಗಿ ತೂಗುವವನ ಕಡೆ ಮುಖಮಾಡಿರುತ್ತದೆ. ಚೀಲ ಇಳಿಸಿ ಬೆವರು ಒರೆಸಿಕೊಳ್ಳುತ್ತ ನಿಂತ ಹೆಂಗಸಿಗೆ ಕಾಣುವುದು ಅದರ ಬೆನ್ನು. ಎರಡೂ ಕಡೆ ಅಂಕಿ ತೋರುವ ಮಾದರಿ ಸಿಗುತ್ತದೆ, ಅದನ್ನೇ ತನ್ನಿ. ಸಂಜೆ ಬಿಸಿಲು ನೇರ ಬಿದ್ದರೆ ಕೆಂಪು ಅಂಕಿ ಕಾಣುವುದೇ ಇಲ್ಲ, ಮೇಲೊಂದು ತಗಡಿನ ಮರೆ ಕಟ್ಟಿ. ತೂಗಿದ ಕೂಡಲೇ ಅಂಕಿಯನ್ನು ಗಟ್ಟಿಯಾಗಿ ಕೂಗಿ ಹೇಳುವ ರೂಢಿ ಇಟ್ಟುಕೊಳ್ಳಿ.

ಇನ್ನೊಂದು ಸೂಕ್ಷ್ಮ ಇದೆ. ಹಳೆಯ ಸ್ಪ್ರಿಂಗ್ ಸಡಿಲವಾಗಿದ್ದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಹೊಸ ತಕ್ಕಡಿ ಸರಿಯಾದ ತೂಕ ತೋರಿಸಿದರೂ ಅದೇ ಚೀಲ ನಿನ್ನೆಗಿಂತ ಹಗುರ ಬಂತು ಎಂದೇ ಜನ ನೋಡುತ್ತಾರೆ, ಮಿಷನ್ ಮೋಸ ಎನ್ನುತ್ತಾರೆ. ಆದ್ದರಿಂದ ಕೊಯ್ಲು ಶುರುವಾಗುವ ಮುನ್ನ ಎಲ್ಲರ ಎದುರಿಗೆ ಆ 20 ಕೆಜಿ ಕಲ್ಲನ್ನು ಎರಡರಲ್ಲೂ ತೂಗಿ. ಮೊದಲ ವಾರ ಎರಡೂ ತಕ್ಕಡಿ ಪಕ್ಕಪಕ್ಕ ಇರಲಿ, ಯಾರು ಕೇಳಿದರೂ ಇನ್ನೊಂದರಲ್ಲಿ ತೂಗಿ ತೋರಿಸಿ.

ಈಗ ವಜಾ ಲೆಕ್ಕ. ಖಾಲಿ ಪ್ಲಾಸ್ಟಿಕ್ ಚೀಲ ಸುಮಾರು 120 ಗ್ರಾಂ ಎಂದು ಇಟ್ಟುಕೊಳ್ಳಿ. 1 ಕೆಜಿ ವಜಾ ಮಾಡಿದರೆ ಚೀಲಕ್ಕೆ 880 ಗ್ರಾಂ ಹಣ್ಣು ಹೋಯಿತು. ಮೇಲಿನ ಗ್ರಾಂ ಬಿಡುವುದರಿಂದ ಸರಾಸರಿ ಇನ್ನರ್ಧ ಕೆಜಿ. 25 ಜನ, ಎರಡೆರಡು ಚೀಲ, ದಿನಕ್ಕೆ 69 ಕೆಜಿ. ಕೆಜಿಗೆ 5 ರೂಪಾಯಿ ಎಂದರೂ ದಿನಕ್ಕೆ 345, ನಲವತ್ತು ದಿನದ ಕೊಯ್ಲಿಗೆ 13,800 ರೂಪಾಯಿ. ಇದು ಕೊಯ್ದವರ ದುಡಿಮೆ. ಗ್ರಾಂವರೆಗೆ ತೋರಿಸುವ ತಕ್ಕಡಿ ತಂದು ಈ ವಜಾ ಹಾಗೇ ಉಳಿಸಿಕೊಂಡರೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಖಾಲಿ ಚೀಲ ತೂಗಿ ಅಷ್ಟನ್ನೇ ಕಳೆಯಿರಿ. ಗೋಣಿಯಾದರೆ ಒಣಗಿದ್ದಾಗ ಒಂದು ತೂಕ, ನೆನೆದಾಗ ಇನ್ನೊಂದು, ಆಗಾಗ ತೂಗಬೇಕು. ಎಲೆ–ಕಡ್ಡಿ ಇದ್ದರೆ ತೂಗುವ ಮುಂಚೆ ತಾಟಿನ (ನೆಲಕ್ಕೆ ಹಾಸುವ ಹಾಸು) ಮೇಲೆ ಸುರಿದು ಆರಿಸಲಿ, ಅಂದಾಜಿಗೆ ಕಡಿತ ಬೇಡ. ವಜಾ ಬಿಟ್ಟದ್ದಕ್ಕೆ ಅದೇ ವರ್ಷ ಕೆಜಿ ದರ ಇಳಿಸಲೂ ಬೇಡಿ.

ಹೊತ್ತಿನ ವಿಚಾರವನ್ನೂ ಮರೆಯಬೇಡಿ. ಚೀಲಕ್ಕೆ ಒಂದೂವರೆ ನಿಮಿಷ ಹಿಡಿದರೂ 50 ಚೀಲಕ್ಕೆ ಒಂದೂಕಾಲು ಗಂಟೆ. ನಿಮ್ಮ ಕಡೆ ಆನೆ ಓಡಾಟ ಇದೆ, ಹಾಡಿಯವರು ಕತ್ತಲಾಗುವ ಮುನ್ನ ಮನೆ ಸೇರಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ, ನಾಲ್ಕು ಗಂಟೆಗೆ ಒಮ್ಮೆ ತೂಗಿ. ದೂರ ಹೋಗುವವರ ಚೀಲ ಮೊದಲು.

ಲೆಕ್ಕದ ಪುಸ್ತಕ (ಉತ್ತರ)

ಸಿಗ್ನಲ್ ಇಲ್ಲದಿದ್ದರೂ ನಡೆಯುತ್ತದೆ. ಫೋನಿನಲ್ಲಿ ಇಂಟರ್ನೆಟ್ ಇಲ್ಲದೆ ತೆರೆಯುವ ಸಾದಾ ಸ್ಪ್ರೆಡ್‌ಶೀಟ್ ಸಾಕು, ತಿಂಗಳ ಬಾಡಿಗೆಯ ಆ್ಯಪ್ 25 ಜನಕ್ಕೆ ಬೇಕಿಲ್ಲ. ಕಾಲಂಗಳು ಇಷ್ಟು: ತಾರೀಕು, ಟೋಕನ್ ಸಂಖ್ಯೆ, ಬ್ಲಾಕ್ (ತೋಟದ ಯಾವ ಭಾಗ), ಒಟ್ಟು ತೂಕ, ಚೀಲದ ತೂಕ, ನಿವ್ವಳ. ಹೆಸರಿನ ಬದಲು ಸಂಖ್ಯೆ ಕೊರೆದ ಟೋಕನ್ ಕೊಡಿ. ಒಂದೇ ಹೆಸರಿನವರು ಇಬ್ಬರಿದ್ದರೆ ಆಗುವ ಗೊಂದಲ ತಪ್ಪುತ್ತದೆ.

ಗಂಡ–ಹೆಂಡತಿ ಒಂದೇ ಚೀಲಕ್ಕೆ ಕೊಯ್ದು ಗಂಡನ ಹೆಸರಿಗೆ ಬರೆಸುವುದು ಎಲ್ಲ ಕಡೆ ಇದೆ. ಪುಸ್ತಕದಲ್ಲಿ ಅದು ನಡೆದುಹೋಗುತ್ತಿತ್ತು. ಖಾತೆಗೆ ಹಾಕಲು ಶುರುಮಾಡಿದ ಮೇಲೆ ಹೆಂಡತಿಯ ದುಡಿಮೆ ಪೂರ್ತಿ ಗಂಡನ ಖಾತೆಗೆ ಹೋಗುತ್ತದೆ. ಒಬ್ಬೊಬ್ಬರಿಗೆ ಬೇರೆ ಟೋಕನ್, ಬೇರೆ ಚೀಲ, ಬೇರೆ ಖಾತೆ. ಇದರಲ್ಲಿ ಸಡಿಲ ಬಿಡಬೇಡಿ.

ಚೀಟಿ ಮುದ್ರಿಸುವ ಸಣ್ಣ ಬ್ಲೂಟೂತ್ ಪ್ರಿಂಟರ್ ಬಗ್ಗೆ ಯೋಚಿಸುತ್ತಿದ್ದರೆ, ಅಗ್ಗದ ಹಲವು ಮಾದರಿಗಳಲ್ಲಿ ಕನ್ನಡ ಅಕ್ಷರ ಸರಿಯಾಗಿ ಬರುವುದಿಲ್ಲ. ಥರ್ಮಲ್ ಕಾಗದ ಬಿಸಿಲಿಗೆ, ಬೆವರಿಗೆ ಮಾಸುತ್ತದೆ, ಶನಿವಾರದ ಹೊತ್ತಿಗೆ ಜೇಬಿನಲ್ಲಿ ಉಳಿಯುವುದು ಖಾಲಿ ಚೀಟಿ. ಕಾರ್ಬನ್ ಹಾಕುವ ಎರಡು ಪ್ರತಿಯ ಪುಸ್ತಕ ಇದಕ್ಕಿಂತ ವಾಸಿ. ತಾರೀಕು, ಟೋಕನ್, ಕೆಜಿ, ಮೂರೇ ಅಂಕಿ. ಕನ್ನಡ ಬರದ ಅಸ್ಸಾಂನವರೂ ಫೋನಿನ ಅಂಕಿ ಓದುತ್ತಾರೆ, 1, 2, 3 ಎಂದೇ ಬರೆಯಿರಿ.

ತಪ್ಪಾಗಿ ಬರೆದ ಅಂಕಿಯನ್ನು ಅಳಿಸಿ ತಿದ್ದಬೇಡಿ. ಹೊಸ ಸಾಲಿನಲ್ಲಿ ಮೈನಸ್ ಹಾಕಿ ಬರೆದು, ಅವರ ಸಹಿಯೋ ಹೆಬ್ಬೆಟ್ಟೋ ಪುಸ್ತಕದಲ್ಲಿ ತೆಗೆದುಕೊಳ್ಳಿ. ಶೀಟಿನ ಪ್ರತಿ ರಾತ್ರಿ ಸಿಗ್ನಲ್ ಸಿಗುವ ಕಡೆಯಿಂದ ಇನ್ನೊಂದು ಫೋನಿಗೆ ಹೋಗಲಿ.

ಬಟವಾಡೆಯಲ್ಲಿ ಮುಗ್ಗರಿಸುವುದು ಇಲ್ಲಿ: ಯುಪಿಐನಲ್ಲಿ ಒಂದು ಖಾತೆಯಿಂದ ವ್ಯಕ್ತಿಗಳಿಗೆ ಸಾಮಾನ್ಯವಾಗಿ ದಿನಕ್ಕೆ 20 ವರ್ಗಾವಣೆ, ಒಟ್ಟು 1 ಲಕ್ಷ ರೂಪಾಯಿ. ನಿಮ್ಮ ಮೊತ್ತ ಲಕ್ಷ ದಾಟದಿದ್ದರೂ 21ನೆಯವರಿಂದ ಮುಂದಕ್ಕೆ ಯಾರಿಗೂ ಹಣ ಹೋಗುವುದಿಲ್ಲ. ಶುಕ್ರವಾರ 13, ಶನಿವಾರ 12 ಎಂದು ಹಂಚಿ, ಇಲ್ಲವೇ ಬ್ಯಾಂಕಿನಲ್ಲಿ ಒಟ್ಟಿಗೆ ಎನ್‌ಇಎಫ್‌ಟಿ ಮಾಡಿಸಿ. ಮೊದಲ ಸಲ ಎಲ್ಲರಿಗೂ 1 ರೂಪಾಯಿ ಕಳಿಸಿ, ಬಂತೆಂದು ಅವರ ಬಾಯಿಂದ ಕೇಳಿಕೊಳ್ಳಿ. ಮುಂಗಡ ಮುರಿದುಕೊಂಡಿದ್ದರೆ ಪೂರ್ತಿ ಕೂಲಿ, ಮುರಿದದ್ದು, ಹಾಕಿದ್ದು ಮೂರನ್ನೂ ಚೀಟಿಯಲ್ಲಿ ಬೇರೆ ಬೇರೆ ತೋರಿಸಿ. ಬೆರಳಚ್ಚು ಕೊಟ್ಟು ಹಣ ತೆಗೆಯುವವರಿಗೆ ಕೊಯ್ಲಿನ ಕಾಲದಲ್ಲಿ ಬೆರಳು ಸವೆದು ಅಚ್ಚು ಹಿಡಿಯುವುದಿಲ್ಲ. ಅಂಥವರಿಗೆ ಸಂತೆಯ ಹಿಂದಿನ ದಿನ ನಗದೇ ಕೊಡಿ.

ಸಿದ್ದಾಪುರ ರೊಬಸ್ಟಾ

ವಜಾ ಲೆಕ್ಕ ಹೀಗೆ ಕೂಡಿ ನೋಡಿರಲಿಲ್ಲ. ಅದನ್ನು ಬಿಡುತ್ತೇವೆ. ರೈಟರ್ ವಿಷಯ ಉಳಿಯಿತು. ಜೊತೆಗೆ, ಫೋನಿನಲ್ಲಿ ಒಬ್ಬೊಬ್ಬರ ಕೆಜಿ ಸಿಗುವುದರಿಂದ ಕಡಿಮೆ ಕೊಯ್ಯುವವರನ್ನು ಗುರುತಿಸಬಹುದೇ?

ಕಣದ ಲೆಕ್ಕ (ಉತ್ತರ)

ಗುರುತಿಸಲು ಹೋಗಬೇಡಿ, ತಪ್ಪಾಗುತ್ತದೆ. ದಿನದ ಕೆಜಿಯಲ್ಲಿ ಗಿಡದ ಫಸಲು, ಇಳಿಜಾರು, ಚೀಲ ಹೊತ್ತು ತರುವ ದೂರ ಎಲ್ಲ ಸೇರಿರುತ್ತದೆ. ಹೂಮಳೆಗೆ (ಹೂ ಅರಳಿಸುವ ಮಳೆ) ಸರಿಯಾಗಿ ಸ್ಪ್ರಿಂಕ್ಲರ್ ಕೊಟ್ಟ ಬ್ಲಾಕಿನಲ್ಲಿ ಹಣ್ಣು ಒಟ್ಟಿಗೆ ಬರುತ್ತದೆ, ಅಲ್ಲಿ ಕೊಯ್ದವರ ಕೆಜಿ ಏರುತ್ತದೆ. ಹೋಲಿಸುವುದೇ ಆದರೆ ಒಂದೇ ಬ್ಲಾಕ್, ಒಂದೇ ದಿನ. ಬಿಡಿ ಹಣ್ಣು ಆರಿಸುವ ಮೊದಲ ಸುತ್ತಿಗೆ, ಕೊನೆಯಲ್ಲಿ ಉದುರು ಹೆಕ್ಕುವುದಕ್ಕೆ ಕೆಜಿ ಲೆಕ್ಕವೇ ಬೇಡ, ದಿನಗೂಲಿ ಕೊಡಿ. ಕೆಜಿ ಲೆಕ್ಕ ಇಟ್ಟರೆ ಉದುರು ನೆಲದಲ್ಲೇ ಉಳಿದು ಕಾಯಿಕೊರಕ ಹುಳುವಿಗೆ ಮನೆಯಾಗುತ್ತದೆ. ಕೆಜಿ ಲೆಕ್ಕದ ದಿನವೂ ಯಾರ ದುಡಿಮೆಯೂ ಕನಿಷ್ಠ ಕೂಲಿಗಿಂತ ಕೆಳಗೆ ಇಳಿಯಬಾರದು, ಕಾನೂನೂ ಅದೇ.

ಆ ಅಂಕಿಗಳನ್ನು ಬ್ಲಾಕ್‌ವಾರು ಕೂಡಿ, ಆಗ ಉಪಯೋಗ ಕಾಣುತ್ತದೆ. 100 ಕೆಜಿ ರೊಬಸ್ಟಾ ಹಣ್ಣು ಒಣಗಿದರೆ ಸುಮಾರು 40–45 ಕೆಜಿ ಚೆರ್ರಿ (ಸಿಪ್ಪೆ ಸಮೇತ ಒಣಗಿದ ಹಣ್ಣು). ತೋಟದಲ್ಲಿ ತೂಗಿದ್ದಕ್ಕೂ ಒಣಗಿಸುವ ಕಣದಿಂದ ಚೀಲ ತುಂಬಿದ್ದಕ್ಕೂ ಈ ಲೆಕ್ಕ ಹೊಂದದಿದ್ದರೆ ಎಲ್ಲೋ ಸೋರಿದೆ, ಇಲ್ಲವೇ ಒಣಗುವುದು ಹೆಚ್ಚುಕಡಿಮೆಯಾಗಿದೆ.

ನಿಮ್ಮ ರೈಟರ್‌ಗೆ ಕೊಡಬೇಕಾದ ಕೆಲಸ ಅಲ್ಲೇ ಇದೆ. ಕೂಡುವ–ಕಳೆಯುವ ಕೆಲಸ ಫೋನಿಗೆ ಹೋದರೆ ಅವರಿಗೆ ಸಂಜೆ ಎರಡು ಗಂಟೆ ಉಳಿಯುತ್ತದೆ. ತೂಗುವಾಗ ಹಣ್ಣು–ಹಸಿರು ನೋಡುವುದು, ಅದೇ ಸಂಜೆ ಹಣ್ಣನ್ನು ಕಣಕ್ಕೆ ಮುಟ್ಟಿಸಿ ಸುಮಾರು 8 ಸೆಂ.ಮೀ. ದಪ್ಪಕ್ಕೆ ಹರಡಿಸುವುದು, ದಿನವೂ ಕೆದಕಿಸುವುದು, ತೇವಾಂಶ 11 ಶೇಕಡಾಕ್ಕೆ ಬಂದಾಗ ಚೀಲ ತುಂಬಿಸುವುದು. ರಾಶಿಯಲ್ಲೇ ರಾತ್ರಿ ಕಳೆದ ಹಣ್ಣು ಬಿಸಿಯೇರಿ ಹುಳಿಯುತ್ತದೆ, ಇದನ್ನು ತಡೆಯಲು ಯಾವ ಫೋನೂ ಸಾಲದು, ಅಲ್ಲಿ ಒಬ್ಬರು ನಿಂತಿರಬೇಕು. ಕೆಲಸ ಬದಲಾದರೂ ಸಂಬಳ ಇಳಿಯುವುದಿಲ್ಲ ಎಂದು ತಕ್ಕಡಿ ಬರುವ ಮುಂಚೆಯೇ ಅವರಿಗೆ ಹೇಳಿ. ಫೋನಿನಲ್ಲಿ ಬರೆಯುವವರೂ ಅವರೇ ಆಗಲಿ. ಯಾರು ಯಾವ ಬ್ಲಾಕಿನಲ್ಲಿದ್ದಾರೆ, ಯಾರ ಮುಂಗಡ ಎಷ್ಟು ಎಂಬುದೆಲ್ಲ ಅವರ ತಲೆಯಲ್ಲಿದೆ, ಹೊಸ ಹುಡುಗನನ್ನು ತಂದು ಕೂರಿಸಿದರೆ ಮೊದಲ ಬಟವಾಡೆಯಲ್ಲೇ ಲೆಕ್ಕ ತಪ್ಪುತ್ತದೆ.

ಕೊಯ್ಲು ಮುಗಿದ ಮೇಲೆ ತಕ್ಕಡಿಯನ್ನು ಗೊಬ್ಬರದ ಚೀಲದ ಪಕ್ಕ ಎಸೆಯಬೇಡಿ, ತುಕ್ಕು ಹಿಡಿಯುತ್ತದೆ, ಮಳೆಗಾಲದಲ್ಲಿ ಒಳಗೆ ಇರುವೆ ಗೂಡು ಕಟ್ಟುತ್ತದೆ. ಒಣ ಕೋಣೆಯಲ್ಲಿ ಮುಚ್ಚಿಟ್ಟು, ಎರಡು ತಿಂಗಳಿಗೊಮ್ಮೆ ಬ್ಯಾಟರಿ ಚಾರ್ಜ್ ಮಾಡಿ.