ಆಸ್ಪತ್ರೆಯವರು ಸುತ್ತಮುತ್ತಲಿನ ಜನರನ್ನ ಮೀಟಿಂಗಿಗೆ ಕರೆದಿದಾರೆ, ಶಿಬಿರ ಬಿಟ್ಟು ಬೇರೆ ಏನು ಕೇಳ್ಬಹುದು?

ಹೊಂಗೆನೆರಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಹತ್ತಿರದ ಆಸ್ಪತ್ರೆಯವರು ಇಲ್ಲಿನ ಜನರ ಆರೋಗ್ಯಕ್ಕೆ ಇನ್ನೂ ಏನು ಮಾಡ್ಬಹುದು ಅಂತ ಕೇಳೋಕೆ ಒಂದು ಮೀಟಿಂಗ್ ಇಟ್ಕೊಂಡಿದಾರೆ, ನಿವಾಸಿಗಳ ಪರವಾಗಿ ನನ್ನನ್ನೂ ಕರೆದಿದಾರೆ. ಕರೆದಿದ್ದು ಖುಷಿನೇ, ಆದ್ರೆ ಅಲ್ಲಿ ಹೋಗಿ ಏನು ಕೇಳ್ಬೇಕು ಅಂತ ಗೊತ್ತಾಗ್ತಿಲ್ಲ.

ಇಲ್ಲಿವರೆಗೆ ನಾವು ನೋಡಿರೋದು ಉಚಿತ ತಪಾಸಣಾ ಶಿಬಿರ ಮಾತ್ರ. ಬ್ಯಾನರ್ ಕಟ್ತಾರೆ, ಬಿಪಿ ಶುಗರ್ ನೋಡ್ತಾರೆ, ಚೀಟಿ ಬರೆದು ಕೊಡ್ತಾರೆ, ಫೋಟೋ ತೆಗೀತಾರೆ, ಅಲ್ಲಿಗೆ ಮುಗೀತು. ಅದರಿಂದ ಉಪಯೋಗನೇ ಇಲ್ಲ ಅಂತ ನಾನು ಹೇಳಲ್ಲ, ಶುಗರ್ ಇರೋದು ಶಿಬಿರದಲ್ಲೇ ಮೊದಲ ಸಲ ಗೊತ್ತಾದವರು ನಮ್ಮಲ್ಲೇ ಇದಾರೆ. ಆದ್ರೆ ಆ ಚೀಟಿ ಹಿಡ್ಕೊಂಡು ಮನೆಗೆ ಹೋದವರು ಆಮೇಲೆ ಔಷಧಿ ಶುರು ಮಾಡಿದ್ರಾ ಬಿಟ್ರಾ ಅಂತ ಯಾರೂ ಕೇಳಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡೋರು, ಮನೇಲಿ ರೋಗಿಗಳನ್ನ ನೋಡ್ಕೊಳ್ಳೋರು ಇಲ್ಲಿದ್ರೆ ದಯವಿಟ್ಟು ಹೇಳಿ, ನಿಜವಾಗ್ಲೂ ಜನರಿಗೆ ಉಪಯೋಗ ಆಗೋದು ಯಾವುದು?

ಸಮುದಾಯವೈದ್ಯ

ನೀವು ಕೈ ಇಟ್ಟಿರೋದು ಸರಿಯಾದ ಜಾಗಕ್ಕೇನೇ. ನಾನು ಕಮ್ಯುನಿಟಿ ಮೆಡಿಸಿನ್ ವಿಭಾಗದವನು, ಶಿಬಿರಗಳ ಮಧ್ಯೆನೇ ವರ್ಷಗಳು ಕಳೆದಿದೀನಿ, ಅದರಲ್ಲಿ ಸುಲಭದ ಕೆಲಸ ಅಂದ್ರೆ ಬಿಪಿ ನೋಡೋದು, ಕಷ್ಟದ್ದೆಲ್ಲಾ ಅದಾದ ಮೇಲೆ ಶುರುವಾಗುತ್ತೆ.

ಬಿಪಿನೇ ತಗೊಳ್ಳಿ. 140/90 ಅಥವಾ ಅದಕ್ಕಿಂತ ಮೇಲೆ ಬಂತು ಅಂದ್ರೆ ಜಾಸ್ತಿ ಅಂತ ಲೆಕ್ಕ, ಆದ್ರೆ ಒಂದೇ ಸಲ ನೋಡಿ ಕಾಯಿಲೆ ಅಂತ ತೀರ್ಮಾನ ಮಾಡೋ ಹಾಗಿಲ್ಲ, ಇನ್ನೊಂದು ದಿನ ಮತ್ತೆ ನೋಡ್ಬೇಕು. ಬಿಸಿಲಲ್ಲಿ ನಡ್ಕೊಂಡು ಬಂದು ಕ್ಯೂನಲ್ಲಿ ನಿಂತವರ ಬಿಪಿ ಏರಿರುತ್ತೆ ಸಹಜವಾಗಿ. ಅಂದ್ರೆ ಎರಡನೇ ಸಲ ನೋಡೋಕೆ ವ್ಯವಸ್ಥೆ ಇಲ್ಲದ ಶಿಬಿರ ಅರ್ಧ ಕೆಲಸ ಮಾಡಿ ಕೈ ತೊಳ್ಕೊಂಡ ಹಾಗೆ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಜಗತ್ತಲ್ಲಿ ಬಿಪಿ ಇರೋ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ತಮಗೆ ಬಿಪಿ ಇದೆ ಅನ್ನೋದೇ ಗೊತ್ತಿಲ್ಲ, ಹಾಗಾಗಿ ಹುಡುಕೋದು ಬೇಕೇ ಬೇಕು. ಆದ್ರೆ ಹುಡುಕಿ ಬಿಟ್ಟುಬಿಟ್ರೆ ಆ ಮನುಷ್ಯನಿಗೆ ಸಿಕ್ಕಿದ್ದು ಬರೀ ಹೆದರಿಕೆ.

ಮೀಟಿಂಗಲ್ಲಿ ಹೀಗೆ ಕೇಳಿ ನೋಡಿ: ಹೋದ ಶಿಬಿರದಲ್ಲಿ ಬಿಪಿ ಜಾಸ್ತಿ ಬಂದವರು ಎಷ್ಟು ಜನ, ಅವರಲ್ಲಿ ಎಷ್ಟು ಜನ ಈಗ ಔಷಧಿ ತಗೊಳ್ತಿದಾರೆ, ಎಷ್ಟು ಜನಕ್ಕೆ ಕಂಟ್ರೋಲಲ್ಲಿದೆ? ಇದಕ್ಕೆ ಉತ್ತರ ಕೊಡ್ಬೇಕಾದ್ರೆ ಒಂದು ರಿಜಿಸ್ಟರ್ ಇರ್ಬೇಕು, ಬರದೇ ಇದ್ದವರಿಗೆ ಫೋನ್ ಮಾಡೋಕೆ ಇಂಥವರೇ ಅಂತ ಒಬ್ಬರು ಇರ್ಬೇಕು, ತಿಂಗಳ ಮಾತ್ರೆ ಮನೆ ಹತ್ತಿರಾನೇ ಸಿಗ್ಬೇಕು. ಈ ಮೂರೂ ಇದ್ರೆ ಶಿಬಿರ ಮಾಡಿದ್ದಕ್ಕೆ ಬೆಲೆ ಇದೆ.

ಮಧುರೈನ ಅರವಿಂದ್ ಕಣ್ಣಿನ ಆಸ್ಪತ್ರೆ ಬಗ್ಗೆ ಕೇಳಿರ್ತೀರಿ, 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ ಅವರು 11 ಹಾಸಿಗೆಯಿಂದ ಶುರು ಮಾಡಿದ್ದು. ಅವರ ಶಿಬಿರದಲ್ಲಿ ಪೊರೆ ಇದೆ ಅಂತ ಗೊತ್ತಾದವರನ್ನ ಬಸ್ಸಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗಿ ಆಪರೇಷನ್ ಮಾಡಿ ವಾಪಸ್ ಊರಿಗೆ ಬಿಡೋದೂ ಸೇರಿತ್ತು. ಆಮೇಲೆ ಶಿಬಿರಕ್ಕೆ ಬರೋರು ಸ್ವಲ್ಪವೇ ಜನ, ಕಣ್ಣಿನ ತೊಂದರೆ ಇದ್ರೂ ಬರದೇ ಇರೋರೇ ಜಾಸ್ತಿ ಅಂತ ಅವರಿಗೆ ಗೊತ್ತಾಯ್ತು, ಹಳ್ಳಿಗಳ ಹತ್ತಿರಾನೇ ವರ್ಷಪೂರ್ತಿ ತೆರೆದಿರೋ ಸಣ್ಣ ವಿಷನ್ ಸೆಂಟರ್‌ಗಳನ್ನ ಇಟ್ಟರು, ಅಲ್ಲಿಂದ ಡಾಕ್ಟರ್ ಜೊತೆ ವಿಡಿಯೋದಲ್ಲಿ ಮಾತಾಡಿಸ್ತಾರೆ.

ರಾತ್ರಿಪಾಳಿ

ಡಾಕ್ಟ್ರು ಶಿಬಿರದ್ದು ಹೇಳಿದ್ರು, ನಾನು ಸ್ಟಾಫ್ ನರ್ಸ್, ನಾನು ಡಿಸ್ಚಾರ್ಜ್ ಬಗ್ಗೆ ಹೇಳ್ತೀನಿ. ದಯವಿಟ್ಟು ಇದನ್ನ ಮೀಟಿಂಗಲ್ಲಿ ಎತ್ತಿ, ಯಾಕಂದ್ರೆ ಇದರ ಬಗ್ಗೆ ಯಾರೂ ಮಾತಾಡಲ್ಲ.

ಸ್ಟ್ರೋಕ್ ಆದವರೊಬ್ಬರನ್ನ ಮನೆಗೆ ಕಳಿಸ್ತೀವಿ ಅಂತ ಇಟ್ಕೊಳ್ಳಿ. ವಾರ್ಡಲ್ಲಿ ಎರಡೆರಡು ಗಂಟೆಗೆ ಮಗ್ಗುಲು ಬದಲಿಸ್ತಿರ್ತೀವಿ, ನುಂಗೋಕೆ ಆಗುತ್ತಾ ನೋಡಿ ಊಟ ಕೊಡ್ತಿರ್ತೀವಿ, ಟ್ಯೂಬ್ ನೋಡ್ಕೊಳ್ತಿರ್ತೀವಿ. ಡಿಸ್ಚಾರ್ಜ್ ದಿನ ಒಂದು ಸಮ್ಮರಿ ಪೇಪರ್, ಒಂದು ಕವರ್ ಮಾತ್ರೆ ಕೊಟ್ಟು ಅದೇ ಕೆಲಸ ಅಷ್ಟನ್ನೂ ಮನೇಲಿರೋ ಒಬ್ಬ ಹೆಂಗಸಿನ ಮೇಲೆ ಹಾಕಿ ಕಳಿಸಿಬಿಡ್ತೀವಿ, ಅವರಿಗೆ ಒಂದು ಸಲನೂ ಕೈ ಹಿಡಿದು ಹೇಳ್ಕೊಟ್ಟಿರಲ್ಲ. ಆಮೇಲೆ ಬೆನ್ನಲ್ಲಿ ಹುಣ್ಣಾಗಿ ಜ್ವರ ಬಂದು ಅದೇ ರೋಗಿ ವಾಪಸ್ ಬರ್ತಾರೆ. ಹೀಗೆ ಬಂದವರನ್ನ ನೋಡಿದಾಗ ತುಂಬಾ ಸಂಕಟ ಆಗುತ್ತೆ, ಯಾಕಂದ್ರೆ ಮೊದಲೇ ತೋರಿಸಿಕೊಟ್ಟಿದ್ರೆ ತಪ್ಪಿಸಬಹುದಾಗಿದ್ದು ಅದು.

ಇದಕ್ಕೆ ದೊಡ್ಡ ಮೆಷಿನ್ ಏನೂ ಬೇಡ. ಮನೆಯವರ ಕೈಯಲ್ಲೇ ವಾರ್ಡಲ್ಲಿ ಮಾಡಿಸಿ ನೋಡ್ಬೇಕು. ಮಾತ್ರೆ ಯಾವಾಗ ತಗೋಬೇಕು ಅಂತ ನಾವು ಹೇಳಿ "ಗೊತ್ತಾಯ್ತಾ" ಅಂತ ಕೇಳಿದ್ರೆ ಎಲ್ಲರೂ ತಲೆ ಆಡಿಸ್ತಾರೆ, ಅದರ ಬದಲು "ಈಗ ನೀವು ನನಗೆ ಹೇಳಿ, ರಾತ್ರಿ ಯಾವುದು ಕೊಡ್ತೀರಿ" ಅಂತ ಅವರ ಬಾಯಲ್ಲೇ ಹೇಳಿಸ್ಬೇಕು. ಮನೆಗೆ ಹೋದ ಎರಡು ಮೂರು ದಿನದಲ್ಲಿ ಒಂದು ಫೋನ್ ಹೋಗ್ಬೇಕು. ಯಾವ ಲಕ್ಷಣ ಬಂದ್ರೆ ಕಾಯದೇ ಓಡಿ ಬರ್ಬೇಕು ಅಂತ ದೊಡ್ಡ ಅಕ್ಷರದಲ್ಲಿ ಅವರ ಭಾಷೇಲೇ ಬರೆದಿರೋ ಒಂದು ಹಾಳೆ ಇರ್ಬೇಕು.

ಬಾಣಂತಿಯರ ವಿಷಯದಲ್ಲಿ ಇದು ಹೊಸದೇನಲ್ಲ. 1991ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಯುನಿಸೆಫ್ ಸೇರಿ ಶುರು ಮಾಡಿದ ಶಿಶುಸ್ನೇಹಿ ಆಸ್ಪತ್ರೆ ಕಾರ್ಯಕ್ರಮದಲ್ಲಿ ಹತ್ತು ಹೆಜ್ಜೆ ಇದಾವೆ, ಹತ್ತನೇದೇ ಇದು, ಡಿಸ್ಚಾರ್ಜ್ ಆದ ಮೇಲೂ ಹಾಲುಣಿಸೋ ತಾಯಿಗೆ ಆಸರೆ ಸಿಗೋ ಹಾಗೆ ಮಾಡ್ಬೇಕು ಅನ್ನೋದು. ಅದೇ ಲೆಕ್ಕ ಸ್ಟ್ರೋಕಿಗೆ, ಹಾರ್ಟ್ ಅಟ್ಯಾಕಿಗೆ, ಕ್ಯಾನ್ಸರಿಗೂ ಬೇಕಲ್ವಾ. ಮತ್ತೆ ನೋಡ್ಕೊಳ್ಳೋರ ಮನಸ್ಸಿನ ಬಗ್ಗೆನೂ ಕೇಳಿ. ನಿದ್ದೆ ಇಲ್ಲದೆ ಸೊರಗಿ ಹೋಗಿರ್ತಾರೆ ಪಾಪ, ತಿಂಗಳಿಗೊಮ್ಮೆ ಅಂಥವರನ್ನೆಲ್ಲಾ ಒಂದು ಕಡೆ ಕೂರಿಸಿದ್ರೆ ಸಾಕು, ಮಾತು ತಾನಾಗೇ ಬರುತ್ತೆ.

ನೇರಮಾತು

ಬೇಜಾರ್ ಮಾಡ್ಕೋಬೇಡಿ, ನನ್ನ ಅಭಿಪ್ರಾಯ ಬೇರೆ. ಇರೋ ರೋಗಿಗಳನ್ನ ನೋಡೋಕೇ ನರ್ಸ್‌ಗಳು ಸಾಲದು, ಎಮರ್ಜೆನ್ಸಿಯಲ್ಲಿ ಬೆಡ್ ಸಿಗಲ್ಲ. ಆಸ್ಪತ್ರೆ ಮೊದಲು ಟ್ರೀಟ್‌ಮೆಂಟ್ ಸರಿಯಾಗಿ ಮಾಡ್ಲಿ, ಜನರ ಊಟ, ನೀರು, ಮನೆ ಇದೆಲ್ಲಾ ಸರ್ಕಾರದ ಕೆಲಸ. ಎಲ್ಲಾನೂ ಆಸ್ಪತ್ರೆ ತಲೆ ಮೇಲೆ ಹಾಕಿದ್ರೆ ಯಾವುದೂ ನೆಟ್ಟಗೆ ಆಗಲ್ಲ.

ಮನೆಭೇಟಿ

@ನೇರಮಾತು ಅವರೇ, ನರ್ಸ್‌ಗಳು ಕಮ್ಮಿ ಅನ್ನೋದು ಪೂರ್ತಿ ಒಪ್ತೀನಿ. ಅವರನ್ನೇ ವಾರ್ಡಿಂದ ಎಬ್ಬಿಸಿ ಶಿಬಿರಕ್ಕೆ ಕಳಿಸೋದು ಸರಿಯಲ್ಲ, ಹೊರಗಿನ ಕೆಲಸಕ್ಕೆ ಬೇರೆ ಜನ ಬೇಕು.

ಆದ್ರೆ ಟ್ರೀಟ್‌ಮೆಂಟ್ ಬೇರೆ, ಮನೆ ನೀರು ಬೇರೆ ಅಂತ ಗೆರೆ ಎಳೆಯೋಕೆ ಬರಲ್ಲ. ನಾನು ಆರೋಗ್ಯ ಕಾರ್ಯಕರ್ತೆಯಾಗಿ ಟಿಬಿ ರೋಗಿಗಳ ಮನೆಗೆ ಹೋಗ್ತೀನಿ. ಸಾಮಾನ್ಯ ಟಿಬಿಗೆ ಔಷಧಿ ಆರು ತಿಂಗಳು. ಒಂದೆರಡು ತಿಂಗಳಲ್ಲಿ ಕೆಮ್ಮು ನಿಲ್ಲುತ್ತೆ, ಮೈಗೆ ಶಕ್ತಿ ಬರುತ್ತೆ, ಕೂಲಿ ಬಿಟ್ಟು ಮಾತ್ರೆ ತರೋಕೆ ಯಾಕೆ ಹೋಗ್ಬೇಕು ಅಂತ ಅನ್ನಿಸಿ ಬಿಟ್ಟುಬಿಡ್ತಾರೆ, ಆಮೇಲೆ ಔಷಧಿಗೇ ಬಗ್ಗದ ಟಿಬಿ ಆಗಿ ಬರೋ ಅಪಾಯ ಇರುತ್ತೆ. ಅವರು ದಡ್ಡರಲ್ಲ ಸರ್, ಓಪಿಡಿ ಟೈಮೂ ಅವರ ಕೆಲಸದ ಟೈಮೂ ಒಂದೇ, ಅಷ್ಟೇ. ಸಂಜೆ ಹೊತ್ತು ಕ್ಲಿನಿಕ್ ತೆಗೆದ್ರೆ ಎಷ್ಟೋ ಜನ ಉಳ್ಕೊಳ್ತಾರೆ. ಇದನ್ನ ಜನರನ್ನ ಕೇಳದೆ ಆಫೀಸಲ್ಲಿ ಕೂತು ಕಂಡ್ಕೊಳ್ಳೋಕೆ ಆಗಲ್ಲ.

ಮಹಾರಾಷ್ಟ್ರದ ಜಾಮಖೇಡದಲ್ಲಿ 1970ರಲ್ಲಿ ಡಾ. ರಜನಿಕಾಂತ್ ಆರೋಳೆ ಮತ್ತೆ ಡಾ. ಮೇಬೆಲ್ ಆರೋಳೆ ದಂಪತಿ ಕೆಲಸ ಶುರು ಮಾಡಿದಾಗ ಜನಕ್ಕೆ ಮೊದಲು ಬೇಕಾಗಿದ್ದು ನೀರು, ಅನ್ನ. ಅದಕ್ಕೇ ಕೊಳವೆಬಾವಿ ತೋಡಿಸೋಕೆ ನಿಂತರು. ಓದು ಬರಹ ಬಾರದ ಹೆಂಗಸರಿಗೇ ತರಬೇತಿ ಕೊಟ್ಟು ಗರ್ಭಿಣಿಯರನ್ನ, ಮಕ್ಕಳನ್ನ ನೋಡ್ಕೊಳ್ಳೋ ಹಾಗೆ ಮಾಡಿದ್ರು. ಊರಿನವರೇ ಆದ್ದರಿಂದ ಜನ ಅವರ ಮಾತು ಕೇಳಿದ್ರು.

ಸಮುದಾಯವೈದ್ಯ

ಅದಕ್ಕೆ ಇನ್ನೊಂದು ಸೇರಿಸ್ತೀನಿ. 1960ರ ದಶಕದಲ್ಲಿ ಅಮೆರಿಕದ ಮಿಸಿಸಿಪಿಯ ಮೌಂಡ್ ಬೇಯೂ ಅನ್ನೋ ಊರಿನ ಆರೋಗ್ಯ ಕೇಂದ್ರದಲ್ಲಿ ಡಾ. ಜ್ಯಾಕ್ ಗೈಗರ್ ಅವರು ಅಪೌಷ್ಟಿಕತೆ ಇರೋ ಮಕ್ಕಳಿಗೆ ಔಷಧಿ ಚೀಟಿಯಲ್ಲೇ ಆಹಾರ ಬರೆದುಕೊಟ್ಟರು, ಬಿಲ್ಲು ಫಾರ್ಮಸಿ ಲೆಕ್ಕಕ್ಕೆ ಹೋಯ್ತು. ಮೇಲಿನವರು ತಕರಾರು ತೆಗೆದಾಗ ಅಪೌಷ್ಟಿಕತೆಗೆ ಔಷಧಿನೇ ಆಹಾರ ಅಂದರಂತೆ. ಈಚಿನದು ಬೇಕಂದ್ರೆ ಒಹಾಯೋದ ಕೊಲಂಬಸ್‌ನಲ್ಲಿ ಒಂದು ಮಕ್ಕಳ ಆಸ್ಪತ್ರೆ, ನೇಷನ್‌ವೈಡ್ ಚಿಲ್ಡ್ರನ್ಸ್, 2008ರಿಂದ ಬೇರೆ ಸಂಸ್ಥೆಗಳ ಜೊತೆ ಸೇರ್ಕೊಂಡು ತನ್ನ ಅಕ್ಕಪಕ್ಕದ ಹಾಳುಬಿದ್ದ ಮನೆಗಳನ್ನ ರಿಪೇರಿ ಮಾಡಿಸ್ತಾ ಬಂದಿದೆ. ಎಲ್ಲಾ ಆಸ್ಪತ್ರೆಗೂ ಆಗೋ ಕೆಲಸ ಅಲ್ಲ ಇದು, @ನೇರಮಾತು ಹೇಳಿದ್ದರಲ್ಲಿ ಅಷ್ಟು ಸತ್ಯ ಇದೆ. ಸಣ್ಣ ಆಸ್ಪತ್ರೆಗೆ ರಿಜಿಸ್ಟರ್, ಫೋನ್, ಸಂಜೆ ಕ್ಲಿನಿಕ್ ಇಷ್ಟು ಆದ್ರೂ ದೊಡ್ಡದು.

ಹೊಂಗೆನೆರಳು

ಎಲ್ಲರಿಗೂ ತುಂಬಾ ಧನ್ಯವಾದ, ಇಷ್ಟು ಬರೀತೀರಿ ಅಂದ್ಕೊಂಡಿರ್ಲಿಲ್ಲ. ಶಿಬಿರ ಆದ್ಮೇಲಿನ ಲೆಕ್ಕ, ಡಿಸ್ಚಾರ್ಜ್ ಆದ್ಮೇಲೆ ಫೋನ್, ಸಂಜೆ ಕ್ಲಿನಿಕ್, ಈ ಮೂರನ್ನ ಮೊದಲು ಕೇಳ್ತೀನಿ. ಮೀಟಿಂಗ್ ಇಟ್ಟಿರೋದು ಬೆಳಿಗ್ಗೆ 11 ಗಂಟೆಗೆ, ಕೂಲಿಗೆ ಹೋಗೋರು ಯಾರೂ ಬರೋಕಾಗಲ್ಲ ಅಂತ ಈಗ ಹೊಳೀತು, ಟೈಮ್ ಬದಲಿಸಿ ಅಂತ ಇವತ್ತೇ ಫೋನ್ ಮಾಡ್ತೀನಿ. ಇನ್ನೇನಾದ್ರೂ ಬಿಟ್ಟಿದೀನಾ?

ರಾತ್ರಿಪಾಳಿ

ಸಿಪಿಆರ್ ತರಬೇತಿ ಕೇಳಿ, ಅಂದ್ರೆ ಹೃದಯ ಬಡಿತ ನಿಂತು ಕುಸಿದು ಬಿದ್ದವರಿಗೆ ಮಾಡೋ ಪ್ರಥಮ ಚಿಕಿತ್ಸೆ, ಎದೆ ಮೇಲೆ ನಿಮಿಷಕ್ಕೆ 100ರಿಂದ 120 ಸಲ ಒತ್ತೋದನ್ನ ಯಾರು ಬೇಕಾದ್ರೂ ಕಲೀಬಹುದು, ಆಂಬುಲೆನ್ಸ್ ಬರೋವರೆಗೆ ಪಕ್ಕದಲ್ಲಿರೋದು ನೀವೇ ತಾನೆ. ಬಾಯಿ ಸೊಟ್ಟಗಾದ್ರೆ, ಕೈ ಎತ್ತೋಕಾಗದಿದ್ರೆ, ಮಾತು ತೊದಲಿದ್ರೆ ತಕ್ಷಣ ಬನ್ನಿ ಅಂತ ಎಲ್ಲಾ ಕಡೆ ಹೇಳ್ಬೇಕು, ರಕ್ತನಾಳದಲ್ಲಿ ಹೆಪ್ಪುಗಟ್ಟಿ ಆದ ಸ್ಟ್ರೋಕ್ ಆದ್ರೆ ಅದನ್ನ ಕರಗಿಸೋ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಒಳಗೆ ಬಂದಿರ್ಬೇಕು. ಮತ್ತೆ ಮೀಟಿಂಗಲ್ಲಿ ಮ್ಯಾನೇಜ್‌ಮೆಂಟಿನವರು ಮಾತ್ರ ಇದ್ರೆ ವಾರ್ಡ್ ನರ್ಸ್ ಒಬ್ಬರನ್ನಾದ್ರೂ ಕರೆಸಿ ಅಂತ ಹೇಳಿ, ಯಾರು ಯಾಕೆ ವಾಪಸ್ ಅಡ್ಮಿಟ್ ಆಗ್ತಿದಾರೆ ಅನ್ನೋದು ಅವರಿಗೆ ಗೊತ್ತಿರುತ್ತೆ.