ಗೇಟಿನ ಮುಂದಿನ ಜಾಗ ಯಾರದು?

ಚಿಕ್ಕಪ್ಪ (ಫಾರ್ವರ್ಡ್): ಜಪಾನಿನಲ್ಲಿ ಸ್ವಂತ ಪಾರ್ಕಿಂಗ್ ಜಾಗ ಇಲ್ಲದವರು ಕಾರು ಕೊಳ್ಳುವಂತಿಲ್ಲ! ನಮ್ಮಲ್ಲೂ ಈ ಕಾನೂನು ಬರಲಿ. ಒಪ್ಪಿದರೆ ಎಲ್ಲರಿಗೂ ಕಳಿಸಿ 🙏

ಅಣ್ಣ: ಚಿಕ್ಕಪ್ಪ, ಇದು ನನಗೇ ಹಾಕಿದ್ದಾ? ಹೋದ ವಾರ ತಾನೇ ನಮ್ಮ ಎರಡನೇ ಕಾರು ಬಂತು.

ಚಿಕ್ಕಪ್ಪ: ಇಲ್ಲಪ್ಪ, ಯಾರೋ ಕಳಿಸಿದ್ದರು, ನಾನೂ ಹಾಕಿದೆ. ಆದರೆ ವಿಷಯ ಸರಿಯಾಗಿದೆ ಅಲ್ವಾ?

ಅಣ್ಣ: ಜಪಾನ್ ಬೇರೆ, ಬೆಂಗಳೂರು ಬೇರೆ. ಲೈಫ್‌ಟೈಮ್ ಟ್ಯಾಕ್ಸ್ ಅಂತ ಲಕ್ಷಗಟ್ಟಲೆ ಕಟ್ಟಿದ್ದೇನೆ. ನಮ್ಮ ಗೇಟಿನ ಮುಂದೆ ನಾವು ನಿಲ್ಲಿಸಿದರೆ ಯಾರಿಗೇನು ತೊಂದರೆ?

ನಾನು: ಅಣ್ಣ, ಆ ಟ್ಯಾಕ್ಸ್ ಗಾಡಿ ಓಡಿಸೋದಕ್ಕೆ. ರಸ್ತೆಯಲ್ಲಿ ಸೈಟು ಕೊಂಡ ಹಾಗಲ್ಲ. ಫಾರ್ವರ್ಡ್‌ನಲ್ಲೂ ಒಂದು ತಪ್ಪಿದೆ. ಜಾಗ ಸ್ವಂತದ್ದೇ ಆಗಬೇಕಿಲ್ಲ, ಬಾಡಿಗೆಗೆ ಹಿಡಿದದ್ದಾದರೂ ಸಾಕು, ಆದರೆ ಮನೆಯಿಂದ 2 ಕಿಲೋಮೀಟರ್ ಒಳಗಿರಬೇಕು, ನಕ್ಷೆ ಬರೆದುಕೊಟ್ಟರೆ ಪೊಲೀಸರು ಸರ್ಟಿಫಿಕೇಟ್ ಕೊಡುತ್ತಾರೆ. 1962ರಲ್ಲೇ ಅಲ್ಲಿ ಕಾರು ಇಡುವ ಜಾಗಕ್ಕೆ ಅಂತ ಕಾನೂನು ಮಾಡಿದರು. ಬೆಂಗಳೂರಿನಲ್ಲಿ ಗಾಡಿಗಳ ಲೆಕ್ಕ 1 ಕೋಟಿ ದಾಟಿದೆ, ನಾವಿನ್ನೂ ಬೇಕಾ ಬೇಡವಾ ಅಂತಿದ್ದೇವೆ.

ದೊಡ್ಡಪ್ಪ: ಅಲ್ಲಮ್ಮ, ಇಲ್ಲಿ ಅಂಥ ಸರ್ಟಿಫಿಕೇಟ್ ಬಂದರೆ ಬ್ರೋಕರ್ ಕೈಗೆ ದುಡ್ಡು ಕೊಟ್ಟರೆ ಮುಗಿಯಿತು. ಒಂದೇ ಜಾಗ ತೋರಿಸಿ ಹತ್ತು ಜನ ಕಾರು ತರುತ್ತಾರೆ. ಮೊದಲು ಬಸ್ಸು ಜಾಸ್ತಿ ಬಿಡಲಿ.

ಅಕ್ಕ (ಸಿಂಗಪುರ): ದೊಡ್ಡಪ್ಪ, ಬಸ್ಸಿನ ಮಾತು ನಿಜ. ಇಲ್ಲಿ ಕಾರು ಇಟ್ಟುಕೊಳ್ಳುವ ಹಕ್ಕನ್ನೇ ಹರಾಜಿನಲ್ಲಿ ಕೊಳ್ಳಬೇಕು. ಸಿಒಇ ಅಂತಾರೆ, 1990ರಿಂದ ಇದೆ, 10 ವರ್ಷಕ್ಕೆ ಮಾತ್ರ. 2023ರಲ್ಲಿ ಆ ಕಾಗದ ಒಂದೇ 1 ಲಕ್ಷ ಸಿಂಗಪುರ ಡಾಲರ್ ದಾಟಿತ್ತು. ನಮ್ಮ ದುಡ್ಡಿನಲ್ಲಿ 60 ಲಕ್ಷದ ಮೇಲೆ, ಕಾರಿನ ದುಡ್ಡು ಬೇರೆ. ನಾವು ಕಾರು ತಗೊಂಡಿಲ್ಲ, ಬಸ್ಸು ಮೆಟ್ರೋ ಇರೋದರಿಂದ ಅದು ಬೇಕು ಅಂತಲೂ ಅನಿಸಿಲ್ಲ. ಬಸ್ಸು ಕೊಡದೆ ಬರೀ ಕಾನೂನು ತಂದರೆ ದುಡ್ಡಿದ್ದವರಿಗೆ ಮಾತ್ರ ಕಾರು ಅಂತಾಗುತ್ತದೆ.

ಅಣ್ಣ: ಅದನ್ನೇ ನಾನೂ ಹೇಳುತ್ತಿರೋದು!

ನಾನು: ನಿನ್ನ ಆಫೀಸು ಇರೋದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. 2025ರ ಆಗಸ್ಟ್‌ನಿಂದ ಅಲ್ಲಿಗೆ ಮೆಟ್ರೋ ಹಳದಿ ಲೈನ್ ಓಡುತ್ತಿದೆ. ನ್ಯಾಷನಲ್ ಕಾಲೇಜಿನಲ್ಲಿ ಹತ್ತಿ ಆರ್.ವಿ. ರೋಡ್‌ನಲ್ಲಿ ಬದಲಿಸಿದರೆ ಆಯಿತು. ಒಂದು ಸಲವಾದರೂ ಹೋಗಿದ್ದೀಯಾ?

ಅತ್ತೆ: ಜಪಾನು ಸಿಂಗಪುರ ಎಲ್ಲ ಇರಲಿ. ಅಮ್ಮನಿಗೆ ಎದೆನೋವು ಬಂದ ರಾತ್ರಿ ಎಲ್ಲರಿಗೂ ಮರೆತುಹೋಯಿತಾ? ಆಂಬ್ಯುಲೆನ್ಸ್ ಕ್ರಾಸಿನ ಮೂಲೆಯಲ್ಲೇ ನಿಂತುಬಿಟ್ಟಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೇನ್ ರೋಡಿನ ತನಕ ಎತ್ತಿಕೊಂಡು ಹೋದೆವು. ಕುರ್ಚಿಯ ಒಂದು ಕಾಲು ಹಿಡಿದಿದ್ದವಳು ನಾನು. ಆ ಸಾಲಿನಲ್ಲಿ ನಮ್ಮ ಮನೆ ಕಾರೂ ಇತ್ತು.

ಚಿಕ್ಕಪ್ಪ: 😔

ನಾನು: ನಮ್ಮ ಕ್ರಾಸ್ 20 ಅಡಿ. ಕಾರಿನ ಅಗಲ ಹತ್ತಿರ ಹತ್ತಿರ 6 ಅಡಿ. ಎರಡೂ ಕಡೆ ನಿಂತರೆ ಉಳಿಯೋದು 8 ಅಡಿ, ಅದರಲ್ಲೇ ಕರೆಂಟ್ ಕಂಬ, ಮೋರಿ ಕಲ್ಲು. ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಹೇಳಲೇಬೇಕು. ಮನೆ ಪ್ಲ್ಯಾನಿನಲ್ಲಿ ಕೆಳಗಡೆ ಪಾರ್ಕಿಂಗ್ ಅಂತ ತೋರಿಸಿದ್ದೇವೆ. ಅಲ್ಲಿ ಶಟರ್ ಹಾಕಿ ಟೈಲರ್ ಅಂಗಡಿಗೆ ಬಾಡಿಗೆಗೆ ಕೊಟ್ಟೆವು, ಕಾರನ್ನು ರಸ್ತೆಗೆ ಬಿಟ್ಟೆವು. ಬ್ರೋಕರ್ ಏನೂ ಬೇಕಾಗಲಿಲ್ಲ, ನಾವೇ ಮಾಡಿದೆವು.

ದೊಡ್ಡಪ್ಪ: ಆ ಬಾಡಿಗೆಯಲ್ಲೇ ಅಮ್ಮನ ಔಷಧಿ ನಡೆಯುತ್ತಿರೋದು. ಸುಮ್ನೆ ಕೊಟ್ಟಿಲ್ಲ.

ನಾನು: ಗೊತ್ತು ದೊಡ್ಡಪ್ಪ. ಔಷಧಿ ಖರ್ಚು ನಾವೆಲ್ಲ ಹಂಚಿಕೊಳ್ಳೋಣ. ಮೊದಲೇ ಕೇಳಬೇಕಿತ್ತು, ಕೇಳಲಿಲ್ಲ.

ಅಕ್ಕ (ಸಿಂಗಪುರ): ನನ್ನ ಪಾಲು ಈ ತಿಂಗಳಿಂದಲೇ ಕಳಿಸುತ್ತೇನೆ.

ಚಿಕ್ಕಪ್ಪ: ಬೆಂಗಳೂರಿನ 2021ರ ಪಾರ್ಕಿಂಗ್ ಪಾಲಿಸಿಯಲ್ಲಿ ಮನೆ ಮುಂದೆ ನಿಲ್ಲಿಸೋಕೆ ವರ್ಷಕ್ಕೆ 1000ದಿಂದ 5000 ರೂಪಾಯಿಯ ಪರ್ಮಿಟ್ ಅಂತ ಇತ್ತು. ಆಗ ನಾನೇ ಬೈದಿದ್ದೆ. ಈಗ ಲೆಕ್ಕ ಹಾಕಿದರೆ ದಿನಕ್ಕೆ ಒಂದು ಕಾಫಿ ದುಡ್ಡೂ ಆಗಲ್ಲ.

ಅತ್ತೆ: ಕಾನೂನು ಬಂದಾಗ ಬರಲಿ. ಇವತ್ತು ರಾತ್ರಿಯಿಂದ ಒಂದೇ ಪಕ್ಕ ನಿಲ್ಲಿಸಿ. ಎದುರು ಮನೆಯವರ ಹತ್ತಿರ ನಾನೇ ಮಾತಾಡುತ್ತೇನೆ.

ದೊಡ್ಡಪ್ಪ: ಟೈಲರ್ ಅಗ್ರಿಮೆಂಟ್ ಮಾರ್ಚ್ ತನಕ ಇದೆ. ಮಧ್ಯದಲ್ಲಿ ಎಬ್ಬಿಸಿದರೆ ಪಾಪ, ಅವರೆಲ್ಲಿಗೆ ಹೋಗುತ್ತಾರೆ? ಮಾರ್ಚ್ ಆದ ಮೇಲೆ ಶಟರ್ ತೆಗೆಸುತ್ತೇನೆ.

ಅಣ್ಣ: ಅಪ್ಪ, ಅಲ್ಲಿ ಹಿಡಿಯೋದು ಒಂದೇ ಕಾರು.

ನಾನು: ಎರಡನೇದು?

ಅಣ್ಣ: ಭಾನುವಾರ ಮನೆಗೆ ಬಾ, ಮಾತಾಡೋಣ. ಮೆಟ್ರೋದಲ್ಲೇ ಬಾ, ನಿಲ್ಲಿಸೋಕೆ ಜಾಗ ಇಲ್ಲ.